ಮೂಳೆ, ಸ್ನಾಯು, ಬೊಜ್ಜು ಮತ್ತು ಮೂರನೇ ಮಹಡಿಯ ಮೆಟ್ಟಿಲು: ಮುಂಬಯಿಯ ಹಿರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ಮುಂಬಯಿಯಲ್ಲಿ ಹಿರಿಯರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಮಾಟುಂಗ, ಮುಲುಂಡ್, ಡೊಂಬಿವಲಿ ಕಡೆಯ ಕನ್ನಡ ಸಂಘಗಳು ಭಾನುವಾರ ಮಾತಾಡಲು ಕರೆಯುತ್ತವೆ. ಮಾತು ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ನಿಜವಾದ ಪ್ರಶ್ನೆಗಳು ಬರುತ್ತವೆ. ಕೆಲವರು ಮನೆಗೆ ಹೋಗಿ ಪತ್ರ ಬರೆಯುತ್ತಾರೆ. ಕೆಲವರ ಮಕ್ಕಳು ರಾತ್ರಿ ವಾಟ್ಸಾಪ್ ಮಾಡುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ನಡೆಯುತ್ತದೆ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ಮಾತ್ರ ನಿಮ್ಮ ಡಾಕ್ಟರನ್ನು ಕೇಳಿಯೇ ಆಗಬೇಕು.

## ಮೊದಲು ಇಷ್ಟು ತಿಳಿದಿರಲಿ

ವಯಸ್ಸಾದ ಮೇಲೆ ಮೂಳೆ ಸವೆಯುತ್ತದೆ, ಎಲ್ಲರಿಗೂ ಗೊತ್ತು. ಇದರಲ್ಲಿ ಹೊಸದೇನಿದೆ?

ಮೂಳೆ ಒಂದೇ ಸವೆಯುವುದಿಲ್ಲ. ಅದನ್ನು ಎಳೆದು ಆಡಿಸುವ ಸ್ನಾಯುವೂ ಕರಗುತ್ತದೆ. ಸ್ನಾಯು ಖಾಲಿ ಮಾಡಿದ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಈ ಮೂರೂ ಒಂದಕ್ಕೊಂದು ಕೈ ಹಿಡಿದುಕೊಂಡು ಬರುತ್ತವೆ.

ಹೇಗೆ ಅಂತ ನೋಡಿ. ಮೂಳೆ ಗಟ್ಟಿಯಾಗಿರಬೇಕಾದರೆ ಅದರ ಮೇಲೆ ಭಾರ ಬೀಳಬೇಕು, ಸ್ನಾಯು ಅದನ್ನು ಎಳೆಯುತ್ತಿರಬೇಕು. ಜರ್ಮನಿಯ ಸರ್ಜನ್ ಜೂಲಿಯಸ್ ವುಲ್ಫ್ 1892ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲದ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇಕಡಾ 1ರಷ್ಟು ಕರಗುತ್ತದೆ. ಇಡೀ ದಿನ ಸೋಫಾ ಮೇಲೆ ಕೂತವರ ಮೂಳೆಗೂ ನಿಧಾನವಾಗಿ ಅದೇ ಗತಿ. ಸ್ನಾಯು ಕರಗಿದರೆ ಉಂಡ ಊಟ ಖರ್ಚಾಗುವುದಿಲ್ಲ, ಬೊಜ್ಜು ಬೆಳೆಯುತ್ತದೆ. ಹೊಟ್ಟೆಯ ಬೊಜ್ಜು ಸುಮ್ನೆ ಕೂರುವುದಿಲ್ಲ. ಅದರಿಂದ ಹೊರಡುವ ಉರಿಯೂತದ ರಾಸಾಯನಿಕಗಳು ಸ್ನಾಯುವನ್ನೂ ಮೂಳೆಯನ್ನೂ ಇನ್ನಷ್ಟು ಸವೆಸುತ್ತವೆ. ಮೂಳೆಯ ಮಜ್ಜೆಯೊಳಗೆ ಒಂದು ಬಗೆಯ ತಾಯಿ ಜೀವಕೋಶ ಇದೆ. ಅದು ಮೂಳೆ ಕಟ್ಟುವ ಕೋಶವೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ವಯಸ್ಸಾದಂತೆ ಅದು ಕೊಬ್ಬಿನ ಕಡೆಗೇ ವಾಲುತ್ತದೆ.

ಮೂಳೆ ಸವೆತಕ್ಕೆ ಆಸ್ಟಿಯೊಪೊರೋಸಿಸ್ ಅನ್ನುತ್ತಾರೆ. ಸ್ನಾಯು ಕರಗುವುದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರನ್ನು ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ 1989ರಲ್ಲಿ ಕೊಟ್ಟರು. ಗ್ರೀಕಿನಲ್ಲಿ ಸಾರ್ಕ್ಸ್ ಅಂದರೆ ಮಾಂಸ, ಪೀನಿಯಾ ಅಂದರೆ ಕೊರತೆ. ಮೂರೂ ಒಬ್ಬರಲ್ಲೇ ಸೇರಿದ ಸ್ಥಿತಿಗೆ ಆಸ್ಟಿಯೊಸಾರ್ಕೊಪೀನಿಕ್ ಒಬೆಸಿಟಿ ಎಂಬ ಉದ್ದದ ಹೆಸರು 2014ರಲ್ಲಷ್ಟೇ ಬಂತು. ಹೆಸರು ಮರೆತರೂ ಪರವಾಗಿಲ್ಲ. ಮೂಳೆಗೆ ಒಬ್ಬ ಡಾಕ್ಟರು, ಶುಗರ್‌ಗೆ ಇನ್ನೊಬ್ಬರು, ತೂಕಕ್ಕೆ ಮತ್ತೊಬ್ಬರು ಅಂತ ಓಡಾಡುವಾಗ ಸ್ನಾಯುವಿನ ಬಗ್ಗೆ ಯಾರೂ ಕೇಳುವುದಿಲ್ಲ. ನೀವೇ ಕೇಳಿ.

ಅಮ್ಮ ದಪ್ಪಗೇ ಇದ್ದಾರೆ. ಅವರಿಗೆ ಸ್ನಾಯು ಕಡಿಮೆ ಅಂದರೆ ಹೇಗೆ ನಂಬೋದು?

ತೂಕದ ಯಂತ್ರ ಮಾಂಸ ಎಷ್ಟು, ಕೊಬ್ಬು ಎಷ್ಟು ಅಂತ ಬೇರೆ ಬೇರೆ ಮಾಡಿ ಹೇಳುವುದಿಲ್ಲ. ಹತ್ತು ವರ್ಷದಿಂದ 68 ಕಿಲೋ ಅಲ್ಲೇ ನಿಂತಿದೆ ಅಂತ ಖುಷಿಪಡುವವರ ಮೈಯೊಳಗೆ ನಾಲ್ಕು ಕಿಲೋ ಸ್ನಾಯು ಹೋಗಿ ನಾಲ್ಕು ಕಿಲೋ ಕೊಬ್ಬು ಬಂದಿರಬಹುದು. ಕಾಲು ಸಣ್ಣ, ಹೊಟ್ಟೆ ದೊಡ್ಡದು. ಈ ಆಕಾರ ನಮ್ಮವರಲ್ಲಿ ಎಷ್ಟು ಮನೆಗಳಲ್ಲಿ ಕಾಣುತ್ತದೆ ಅಲ್ವಾ?

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಪಕ್ಕದ ಪುಣೆಯವರು. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಜೊತೆ ನಿಂತ ಒಂದು ಫೋಟೋ ಹಾಕಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಭಾರತೀಯರ ಮೈಕಟ್ಟು ಹೆಚ್ಚಾಗಿ ಹೀಗೇ ಇರುತ್ತದೆ. ಅದಕ್ಕೇ ನಮಗೆ ಬಿಎಂಐ 25 ದಾಟಿದರೆ ಬೊಜ್ಜು ಅನ್ನುತ್ತಾರೆ, ಪಶ್ಚಿಮದವರಿಗೆ ಅದು 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು.

ದಪ್ಪ ಇದ್ದವರಿಗೆ ಮೂಳೆ ಗಟ್ಟಿ ಅಂತಾರಲ್ಲ, ನಿಜವಾ?

ಅರ್ಧ ನಿಜ. ಭಾರ ಹೊತ್ತ ಮೂಳೆ ಸ್ಕ್ಯಾನಿನಲ್ಲಿ ಸಾಂದ್ರವಾಗಿ ಕಾಣುತ್ತದೆ. ಆದರೆ ಕೊಬ್ಬಿನ ಭಾರ ಬೇರೆ, ದುಡಿಯುವ ಸ್ನಾಯುವಿನ ಎಳೆತ ಬೇರೆ. ಬೊಜ್ಜಿದ್ದವರು ಬೀಳುವುದು ಜಾಸ್ತಿ, ಬಿದ್ದಾಗ ನೆಲಕ್ಕೆ ತಾಗುವ ಪೆಟ್ಟೂ ಜಾಸ್ತಿ. ಪಾದದ ಕೀಲಿನ ಹತ್ತಿರ ಮೂಳೆ ಮುರಿಯುವುದು ಅವರಲ್ಲೇ ಹೆಚ್ಚು.

ನನಗೀಗ 48. ಇದೆಲ್ಲ ಅತ್ತೆಗೆ ಹೇಳಿ, ನನಗ್ಯಾಕೆ?

ಅತ್ತೆಗಿಂತ ನಿಮಗೇ ಮೊದಲು ಹೇಳಬೇಕು. ಮೂಳೆ ಅತಿ ಗಟ್ಟಿಯಾಗಿರುವುದು 30ರ ಆಸುಪಾಸಿನಲ್ಲಿ. ಆಮೇಲೆ ಕೂಡಿಟ್ಟದ್ದನ್ನು ಖರ್ಚು ಮಾಡುವುದಷ್ಟೇ. ಮುಟ್ಟು ನಿಂತ ಮೊದಲ ಐದಾರು ವರ್ಷ ಈ ಖರ್ಚು ಒಮ್ಮೆಲೇ ಏರುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದಾಗ ಮೂಳೆಯ ಕಾವಲು ಹೋಗುತ್ತದೆ, ಕೊಬ್ಬು ಸೊಂಟ ತೊಡೆಗಳಿಂದ ಹೊಟ್ಟೆಗೆ ಜಾಗ ಬದಲಿಸುತ್ತದೆ. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವುದು ಹೆಚ್ಚಾಗಿ 46, 47ಕ್ಕೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇನ್ನೂ ಮೊದಲೇ. ಸ್ನಾಯುವಂತೂ 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. 60ರ ನಂತರ ಅದರ ವೇಗ ಇನ್ನೂ ಹೆಚ್ಚು.

ಗಂಡಸರಿಗೂ ಇದು ಬರುತ್ತಾ?

ಬರುತ್ತದೆ, ಸ್ವಲ್ಪ ತಡವಾಗಿ. ಸೊಂಟದ ಮೂಳೆ ಮುರಿದ ಮೇಲೆ ಗಂಡಸರು ಹೆಂಗಸರಿಗಿಂತ ಬೇಗ ಸೋಲುತ್ತಾರೆ. ನಾನು ನೋಡಿದ ಹೋಟೆಲಿನ ಹಿರಿಯರಲ್ಲಿ ಒಂದು ಸಾಮಾನ್ಯ ಕಥೆ ಇದೆ. ನಲವತ್ತು ವರ್ಷ ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ನಿಂತೇ ಕೆಲಸ. ಮಗ ಗಲ್ಲೆಗೆ ಬಂದ ದಿನದಿಂದ ಪೂರ್ತಿ ವಿಶ್ರಾಂತಿ. ಊಟ ಮಾತ್ರ ಹಳೆಯ ದುಡಿಮೆಯ ಅಳತೆಯದೇ. ಮೂರೇ ವರ್ಷದಲ್ಲಿ ಕುರ್ಚಿಯಿಂದ ಏಳಲು ಕೈ ಊರಬೇಕಾಗುತ್ತದೆ.

## ಮನೆಯಲ್ಲಿ ನೋಡಿಕೊಳ್ಳುವುದು, ಪರೀಕ್ಷೆ ಮಾಡಿಸುವುದು

ಖರ್ಚಿಲ್ಲದೆ ಮನೆಯಲ್ಲೇ ಗೊತ್ತುಮಾಡಿಕೊಳ್ಳಲು ದಾರಿ ಇದೆಯಾ?

ಇದೆ, ಮತ್ತು ಬಹಳ ಒಳ್ಳೆಯ ದಾರಿ. ಕೈ ಇಲ್ಲದ, ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ ಇಡಿ. ಎರಡೂ ಕೈ ಎದೆಗೆ ಅಡ್ಡ ಕಟ್ಟಿ. ಐದು ಸಲ ಪೂರ್ತಿ ಎದ್ದು, ಪೂರ್ತಿ ಕೂರಿ. ಪಕ್ಕದಲ್ಲಿ ಒಬ್ಬರು ನಿಂತು ಮೊಬೈಲಿನಲ್ಲಿ ಸಮಯ ನೋಡಲಿ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಕಾಲಿನ ಬಲ ಕಡಿಮೆಯಾಗಿದೆ ಅಂತ ಅರ್ಥ. ಏಷ್ಯಾದ ತಜ್ಞರ ತಂಡ 2019ರಲ್ಲಿ ಒಪ್ಪಿದ ಅಳತೆ ಇದು. ಅದೇ ತಂಡದ ಇನ್ನೊಂದು ಲೆಕ್ಕ: 6 ಮೀಟರ್ ದೂರವನ್ನು ನಿಮ್ಮ ಮಾಮೂಲಿ ನಡಿಗೆಯಲ್ಲಿ ದಾಟಲು 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಮುಂಬಯಿಯ ಫ್ಲ್ಯಾಟಿನಲ್ಲಿ 6 ಮೀಟರ್ ನೇರ ಜಾಗ ಎಲ್ಲಿ ಅಂತ ಕೇಳಬೇಡಿ, ಹೊರಗಿನ ಪ್ಯಾಸೇಜ್ ಇದೆಯಲ್ಲ.

ಮೀನಖಂಡದ ದಪ್ಪ ಭಾಗಕ್ಕೆ ಟೇಪು ಸುತ್ತಿ ನೋಡಿ. ಗಂಡಸರಿಗೆ 34 ಸೆಂ.ಮೀ.ಗಿಂತ, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಸಂಶಯ. ಕಾಲಿಗೆ ಬಾವು ಇದ್ದರೆ, ಅಥವಾ ಬೊಜ್ಜು ಜಾಸ್ತಿ ಇದ್ದರೆ, ಈ ಅಳತೆಯನ್ನು ನಂಬಬೇಡಿ.

ಟೇಪು, ಗಡಿಯಾರ ಬಿಡಿ. ದಿನನಿತ್ಯದಲ್ಲೇ ಸುಳಿವು ಸಿಗುತ್ತದೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಆಗುತ್ತಿಲ್ಲ. ಲೋಕಲ್ ಗಾಡಿ ಹತ್ತುವಾಗ ಕಂಬ ಹಿಡಿದು ಮೈಯನ್ನು ಎಳೆದುಕೊಳ್ಳಬೇಕು. ಸಿಗ್ನಲ್ ಹಸಿರು ಮುಗಿಯುವಷ್ಟರಲ್ಲಿ ರಸ್ತೆ ದಾಟಲು ಆಗುವುದಿಲ್ಲ. ಸಿಗ್ನಲ್‌ಗಳ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಹಿಡಿದು ಇಟ್ಟಿರುತ್ತಾರೆ. ಅಷ್ಟು ವೇಗ ಇಲ್ಲದವರು ಮೊದಲು ರಸ್ತೆ ದಾಟುವುದು ಬಿಡುತ್ತಾರೆ, ಆಮೇಲೆ ದೇವಸ್ಥಾನ ಬಿಡುತ್ತಾರೆ, ಆಮೇಲೆ ಮದುವೆ ಮುಂಜಿಗೆ ಹೋಗುವುದನ್ನೂ ಬಿಡುತ್ತಾರೆ. ಮನೆಯವರು 'ಈಗೀಗ ಅವರಿಗೆ ಆಸಕ್ತಿಯೇ ಇಲ್ಲ' ಅನ್ನುತ್ತಾರೆ. ಆಸಕ್ತಿ ಇದೆ. ಕಾಲಿಗೆ ಬಲ ಇಲ್ಲ.

ಡೆಕ್ಸಾ ಮಾಡಿಸಿದೆ. ಮೈನಸ್ 2.7 ಅಂತ ಬಂದಿದೆ. ಹೆದರಬೇಕಾ?

ಹೆದರಬೇಡಿ, ಆದರೆ ಫೈಲಿನೊಳಗೆ ಇಟ್ಟು ಮರೆಯಲೂ ಬೇಡಿ. ಡೆಕ್ಸಾ ಅಂದರೆ ಮೂಳೆ ಎಷ್ಟು ಸಾಂದ್ರವಾಗಿದೆ ಅಂತ ಅಳೆಯುವ ಸ್ಕ್ಯಾನ್. ಅದರಲ್ಲಿ ಬರುವ ಆ ಅಂಕಿಗೆ ಟಿ ಸ್ಕೋರ್ ಅನ್ನುತ್ತಾರೆ. ಹರೆಯದ ಗಟ್ಟಿ ಮೂಳೆಗೆ ಹೋಲಿಸಿ ನಿಮ್ಮದು ಎಷ್ಟು ಕೆಳಗಿದೆ ಅಂತ ಅದು ಹೇಳುತ್ತದೆ. ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ 2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಾದರೆ ಆಸ್ಟಿಯೊಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು. ನಿಮ್ಮದು ಔಷಧಿಯ ಮಾತು ಆಡಬೇಕಾದ ಹಂತ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ನೋಡುತ್ತಾರಲ್ಲ, ಅದು ಡೆಕ್ಸಾ ಅಲ್ಲ. ಅದು ಬರೀ ಸೂಚನೆ. ಅದನ್ನು ನೋಡಿ ಔಷಧಿ ಶುರು ಮಾಡಬೇಡಿ. ಡೆಕ್ಸಾ ಯಂತ್ರ ಸ್ನಾಯು, ಕೊಬ್ಬು ಎರಡನ್ನೂ ಅಳೆಯಬಲ್ಲದು. ಇಡೀ ದೇಹದ ಸ್ಕ್ಯಾನ್ ಬೇಕು ಅಂತ ಬೇರೆಯಾಗಿ ಕೇಳಬೇಕಷ್ಟೇ.

ಬ್ಲೌಸು ಮೊದಲಿನ ಹಾಗೆ ಕೂರುತ್ತಿಲ್ಲ, ಸೀರೆ ನೆಲಕ್ಕೆ ಎಳೆಯುತ್ತದೆ. ಕುಗ್ಗಿದ್ದೇನಾ?

ಇಂಥ ಪ್ರಶ್ನೆ ಬಂದಾಗ ನಾನು ತಕ್ಷಣ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುತ್ತೇನೆ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸ್‌ರೇ ಮಾಡಿಸಿ. ಬೆನ್ನುಮೂಳೆಯ ಮಣಿಗಳು ಒಳಗೊಳಗೇ ಕುಸಿಯುತ್ತವೆ. ಬೀಳಲೇಬೇಕು ಅಂತಿಲ್ಲ. ನೀರಿನ ಬಕೆಟ್ ಎತ್ತುವಾಗ 'ಸೊಂಟ ಹಿಡ್ಕೊಂಡಿತು' ಅಂದುಕೊಂಡದ್ದು ಮೂಳೆ ಮುರಿದದ್ದೇ ಆಗಿರಬಹುದು. ಹೀಗೆ ಮುರಿದವುಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರುವುದಿಲ್ಲ. ಒಮ್ಮೆ ಒಂದು ಮಣಿ ಕುಸಿದರೆ ಇನ್ನೊಂದು ಕುಸಿಯುವ ಭಯ ಜಾಸ್ತಿ.

## ನಡೆಯುವುದು, ಹತ್ತುವುದು, ಎತ್ತುವುದು

ದಿನಾ ಬೆಳಿಗ್ಗೆ ಫೈವ್ ಗಾರ್ಡನ್ಸ್‌ನಲ್ಲಿ ಒಂದು ಗಂಟೆ ನಡೀತೀನಿ. ಸಾಲದಾ?

ನಡೆಯುವುದನ್ನು ಖಂಡಿತ ಬಿಡಬೇಡಿ. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ, ಗೆಳೆಯರ ಜೊತೆಗೆ ಅದು ಬೇಕು. ಆದರೆ ನಡಿಗೆಯೊಂದರಿಂದ ಸ್ನಾಯು ಬೆಳೆಯುವುದಿಲ್ಲ. ಹತ್ತು ವರ್ಷದಿಂದ ಅದೇ ದಾರಿ, ಅದೇ ವೇಗ. ಕಾಲಿಗೆ ಅದು ರೂಢಿಯಾಗಿದೆ. ರೂಢಿಯಾದ ಕೆಲಸಕ್ಕೆ ಮೈ ಹೊಸದಾಗಿ ಏನನ್ನೂ ಕಟ್ಟಿಕೊಳ್ಳುವುದಿಲ್ಲ.

ಸ್ನಾಯುವಿಗೆ ಬೇಕಾದದ್ದು ಸ್ವಲ್ಪ ಕಷ್ಟ. ಎಂಟೋ ಹತ್ತೋ ಸಲ ಮಾಡುವಷ್ಟರಲ್ಲಿ ಕೊನೆಯ ಎರಡು 'ಅಬ್ಬಾ' ಅನ್ನಿಸಬೇಕು. ಅದು ಸಲೀಸಾದ ದಿನ ಭಾರ ಸ್ವಲ್ಪ ಏರಿಸಬೇಕು. ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು. ನಾನು ಮೊದಲು ಹೇಳಿಕೊಡುವುದು ಕುರ್ಚಿಯಿಂದ ಎದ್ದು ಕೂರುವುದನ್ನೇ. ಕೂರುವಾಗ ದೊಪ್ಪನೆ ಬೀಳಬಾರದು, ಮೂರು ಎಣಿಸುತ್ತಾ ಇಳಿಯಬೇಕು. ಅದು ಸುಲಭವಾದರೆ ಎದೆಗೆ ಒಂದು ಕಿಲೋ ಅಕ್ಕಿ ಪ್ಯಾಕೆಟ್ ಅಪ್ಪಿಕೊಂಡು ಮಾಡಿ, ಆಮೇಲೆ ಎರಡು ಕಿಲೋ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲಿ. ಹಾಲು ಕಾಯುವಷ್ಟು ಹೊತ್ತು ಕಟ್ಟೆ ಹಿಡಿದೇ ಒಂದು ಕಾಲಲ್ಲಿ ನಿಲ್ಲಿ, ಅದು ಸಮತೋಲನಕ್ಕೆ ಒಳ್ಳೆಯದು. ಗೋಡೆಗೆ ಅಂಗೈ ಊರಿ ತಳ್ಳಿ. ಮಾಡುವಾಗ ಉಸಿರು ಕಟ್ಟಬೇಡಿ, ಜೋರಾಗಿ ಎಣಿಸಿದರೆ ಉಸಿರು ತಾನಾಗಿ ಬಿಡುತ್ತದೆ. ಎದೆ ನೋವು, ಹತೋಟಿಗೆ ಬಾರದ ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಮೂರನೇ ಮಹಡಿ, ಲಿಫ್ಟ್ ಇಲ್ಲ, ಮಂಡಿ ನೋವು. ಮೆಟ್ಟಿಲು ಹತ್ತಬೇಕಾ, ಬಿಡಬೇಕಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಈ ಊರಿನ ಹಳೇ ಬಿಲ್ಡಿಂಗುಗಳಲ್ಲಿ ಲಿಫ್ಟ್ ಇರುವುದಿಲ್ಲ. ಚಾಳ್‌ಗಳ ಮರದ ಮೆಟ್ಟಿಲು ಕಡಿದು. ರೀಡೆವಲಪ್‌ಮೆಂಟ್ ಆದರೆ ಲಿಫ್ಟ್ ಬರುತ್ತದೆ ಅಂತ ಕಾಯುತ್ತಾ ವರ್ಷಗಟ್ಟಲೆ ಕೆಳಗಿಳಿಯದ ಹಿರಿಯರನ್ನು ನೋಡಿದ್ದೇನೆ. ಲಿಫ್ಟ್ ಬರುವಷ್ಟರಲ್ಲಿ ಕಾಲು ಹೋಗಿರುತ್ತದೆ.

ನೋವು ತಡೆಯುವಷ್ಟು ಇದ್ದರೆ ಹತ್ತಿ. ಮೆಟ್ಟಿಲು ನಿಮ್ಮ ಮನೆ ಬಾಗಿಲಲ್ಲೇ ಇರುವ ಜಿಮ್. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಒಂದು ಕೈ ಕಂಬಿಯ ಮೇಲೇ ಇರಲಿ. ತರಕಾರಿ ಚೀಲವನ್ನು ಬೇರೆಯವರು ತರಲಿ, ಅಥವಾ ಹೆಗಲಿಗೆ ಹಾಕುವ ಚೀಲದಲ್ಲಿ ತನ್ನಿ. ಪ್ರತಿ ಮಹಡಿಯಲ್ಲಿ ನಿಂತು ಉಸಿರು ತಗೊಳ್ಳಿ. ಸೊಸೈಟಿಯವರನ್ನು ಕೇಳಿ ತಿರುವಿನಲ್ಲಿ ಒಂದು ಕುರ್ಚಿ ಹಾಕಿಸಿ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಬೀಳುವುದೂ ಆಗಲೇ ಜಾಸ್ತಿ. ಬೈಫೋಕಲ್ ಕನ್ನಡಕ ಹಾಕಿಕೊಂಡವರಿಗೆ ಕೆಳಗಿನ ಮೆಟ್ಟಿಲು ಮಸುಕಾಗಿ ಕಾಣುತ್ತದೆ, ಗದ್ದ ತಗ್ಗಿಸಿ ಮೇಲಿನ ಗಾಜಿನಿಂದ ನೋಡಿ ಇಳಿಯಿರಿ.

ಮಂಡಿ ಕೆಂಪಾಗಿ ಊದಿದ್ದರೆ, ನಡೆಯುವಾಗ ಸಿಕ್ಕಿಹಾಕಿಕೊಂಡಂತಾದರೆ, ಕಾಲು ತಟ್ಟನೆ ಮಡಚಿದರೆ ಮೊದಲು ತೋರಿಸಿ. ಉಳಿದವರಿಗೆ ಮಂಡಿಯ ನೋವು ಇಳಿಸುವ ಮುಖ್ಯ ಮದ್ದು ತೊಡೆಯ ಮುಂಭಾಗದ ಸ್ನಾಯು. ನೋವಿದೆ ಅಂತ ಕೂತರೆ ಆ ಸ್ನಾಯು ಕರಗುತ್ತದೆ, ನೋವು ಜಾಸ್ತಿಯಾಗುತ್ತದೆ. ತೂಕವೂ ಇಲ್ಲೇ ಲೆಕ್ಕಕ್ಕೆ ಬರುತ್ತದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

80 ದಾಟಿದೆ. ಈಗ ಶುರು ಮಾಡಿ ಏನು ಪ್ರಯೋಜನ ಹೇಳಿ?

ಬಹಳ ಇದೆ. 1990ರಲ್ಲಿ ಬಾಸ್ಟನ್ನಿನಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ವೃದ್ಧಾಶ್ರಮದಲ್ಲಿದ್ದ, ಸುಮಾರು 90 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಭಾರ ಎತ್ತುವ ವ್ಯಾಯಾಮ ಕೊಡಿಸಿದರು. ಪೂರ್ತಿ ಮುಗಿಸಿದವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಏರಿತು. ಅಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗಿಂತ ಹೆಚ್ಚು. ವಯಸ್ಸಾದ ಸ್ನಾಯು ಕೂಡ ಕಲಿಯುತ್ತದೆ. ಮೂಳೆ ಅಷ್ಟು ಬೇಗ ಕಲಿಯುವುದಿಲ್ಲ, ಅದಕ್ಕೆ ತಿಂಗಳುಗಳು, ವರ್ಷ ಬೇಕು. ಆದರೆ ಬೀಳದಂತೆ ಕಾಯುವುದು ಸ್ನಾಯು ತಾನೆ? ಬೀಳದವರ ಸೊಂಟದ ಮೂಳೆ ಮುರಿಯುವುದು ಬಹಳ ಅಪರೂಪ.

ಮಳೆಗಾಲದ ನಾಲ್ಕು ತಿಂಗಳು ಹೊರಗೆ ಕಾಲಿಡಲು ಭಯ. ಏನು ಮಾಡಲಿ?

ಭಯ ಸರಿಯಾದದ್ದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಫುಟ್‌ಪಾತ್ ನಂಬುವ ಹಾಗಿಲ್ಲ, ಪಾಚಿ ಬೇರೆ. ಆದರೆ ಅಷ್ಟು ದಿನ ಕೂತವರನ್ನು ಅಕ್ಟೋಬರಿನಲ್ಲಿ ನೋಡಿದರೆ ನನಗೆ ಸಂಕಟವಾಗುತ್ತದೆ. ಮೇ ತಿಂಗಳಲ್ಲಿ ಕೋಲಿಲ್ಲದೆ ನಡೆದವರು ಈಗ ಗೋಡೆ ಹಿಡಿಯುತ್ತಿರುತ್ತಾರೆ. ಮಳೆ ಬಂದರೆ ಮನೆಯೊಳಗೆ ಮಾಡುವ ವ್ಯಾಯಾಮ ಎರಡು ಪಟ್ಟಾಗಬೇಕು. ಮುಚ್ಚಿದ ಪಾರ್ಕಿಂಗ್ ಇದ್ದರೆ ಅಲ್ಲೇ ನಡೆಯಿರಿ. ಬಾಗಿಲ ಬಳಿಯ ಒದ್ದೆ ಕಾಲೊರಸು, ಬಾತ್‌ರೂಮಿನ ಹವಾಯಿ ಚಪ್ಪಲಿ, ಎರಡನ್ನೂ ಇಂದೇ ಬದಲಿಸಿ.

ನಾನು ಯೋಗ ಮಾಡ್ತೀನಿ. ಅದು ಸಾಕಲ್ವಾ?

ಸಮತೋಲನಕ್ಕೆ, ಮೈ ಸಡಿಲಕ್ಕೆ ಒಳ್ಳೆಯದು. ಟಿ ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿದ್ದರೆ ಪಶ್ಚಿಮೋತ್ತಾನಾಸನ, ಹಲಾಸನದಂತೆ ಬೆನ್ನನ್ನು ಮುಂದಕ್ಕೆ ಮಡಚುವ ಆಸನ ಬಿಡಿ. ಮಣಿಗಳ ಮುಂಭಾಗಕ್ಕೆ ಒತ್ತಡ ಬಿದ್ದು ಕುಸಿಯಬಹುದು. ನಿಂತು ಮಾಡುವ ಆಸನಗಳು ಇರಲಿ.

## ಊಟ, ಬಿಸಿಲು

ನಾವು ಶಾಕಾಹಾರಿಗಳು. ಪ್ರೋಟೀನ್ ಪುಡಿ ತಗೊಳ್ಳಲೇಬೇಕಾ?

ಬೇಕೇ ಬೇಕು ಅಂತಿಲ್ಲ. ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರು ಹೇಳುತ್ತಾರೆ. 60 ಕಿಲೋದವರಿಗೆ 60ರಿಂದ 72 ಗ್ರಾಂ. ಈಗ ನಮ್ಮ ಹಿರಿಯರ ಊಟ ನೋಡಿ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ಮತ್ತು ತಿಳಿ ಸಾರು, ರಾತ್ರಿ ಗಂಜಿ ಉಪ್ಪಿನಕಾಯಿ. 'ಜೀರ್ಣ ಆಗಲ್ಲ' ಅಂತ ಮೊದಲು ಬಿಡುವುದೇ ಬೇಳೆ, ಕಾಳು. ಆ ಊಟದಲ್ಲಿ 25, 30 ಗ್ರಾಂ ಸಿಕ್ಕರೆ ಹೆಚ್ಚು.

ಒಂದು ಲೋಟ ಹಾಲಿನಲ್ಲಿ 6 ಗ್ರಾಂನಷ್ಟು, ಒಂದು ಮೊಟ್ಟೆಯಲ್ಲಿ 6, ಗಟ್ಟಿ ಬೇಳೆಯ ಒಂದು ಬಟ್ಟಲಲ್ಲಿ 6ರಿಂದ 7, ನೂರು ಗ್ರಾಂ ಪನೀರಿನಲ್ಲಿ ಸುಮಾರು 18. ಮೀನು ತಿನ್ನುವವರಿಗೆ ಬಂಗುಡೆ, ಭೂತಾಯಿ ಇದ್ದೇ ಇದೆ, ನೂರು ಗ್ರಾಂಗೆ 20ರ ಹತ್ತಿರ. ಸಾರಿನ ತಿಳಿ ಬಿಟ್ಟು ಬೇಳೆಯನ್ನು ಬಡಿಸಿಕೊಳ್ಳಿ. ಹೆಸರುಕಾಳು ಉಸಲಿ, ಹುರುಳಿ ಸಾರು, ಗಟ್ಟಿ ಮೊಸರು ದಿನವೂ ಇರಲಿ. ಮೂರೂ ಹೊತ್ತಿಗೆ ಹಂಚಿ ತಿನ್ನಬೇಕು. ವಯಸ್ಸಾದ ಸ್ನಾಯುವಿಗೆ ಒಂದೊಂದು ಊಟದಲ್ಲೂ ಸಾಕಷ್ಟು ಪ್ರೋಟೀನ್ ಸಿಕ್ಕರೆ ಮಾತ್ರ ಅದು ಕಟ್ಟುವ ಕೆಲಸಕ್ಕೆ ಏಳುತ್ತದೆ. ಹಲ್ಲಿಲ್ಲ, ಹಸಿವಿಲ್ಲ ಅನ್ನುವವರಿಗೆ ಪುಡಿ ಸಹಾಯವಾಗುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರು ಹೇಳಿದ ಅಳತೆ ಮೀರಬಾರದು.

ರಾಗಿ ತಿಂದರೆ ಕ್ಯಾಲ್ಸಿಯಂ ಮಾತ್ರೆ ಬೇಡ ಅಲ್ವಾ?

ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ದೊಡ್ಡವರಿಗೆ ದಿನಕ್ಕೆ 1000, ಮುಟ್ಟು ನಿಂತ ಹೆಂಗಸರಿಗೆ 1200 ಬೇಕು. ಎರಡು ಲೋಟ ಹಾಲು ಅಥವಾ ಮೊಸರಿನಿಂದ 480ರಷ್ಟು, ಒಂದು ರಾಗಿ ಮುದ್ದೆ ಅಥವಾ ಎರಡು ರಾಗಿ ರೊಟ್ಟಿ, ಸೊಪ್ಪು, ಒಂದು ಚಮಚ ಎಳ್ಳು. ಹೀಗೆ ಕೂಡಿಸುತ್ತಾ ಹೋದರೆ ಊಟದಲ್ಲೇ ಹತ್ತಿರ ಬರುತ್ತದೆ. ಉಳಿದ ಕೊರತೆಯನ್ನಷ್ಟೇ ಮಾತ್ರೆ ತುಂಬಲಿ. ಮೂತ್ರದ ಕಲ್ಲು ಆದವರು ಕೇಳದೆ ತಗೊಳ್ಳಬೇಡಿ.

ಮುಂಬಯಿಯಲ್ಲಿ ಇಷ್ಟು ಬಿಸಿಲಿದೆ, ವಿಟಮಿನ್ ಡಿ ಹೇಗೆ ಕಡಿಮೆಯಾಗುತ್ತದೆ?

ಬಿಸಿಲು ಊರಿಗಿದೆ, ನಿಮ್ಮ ಚರ್ಮಕ್ಕೆ ತಾಗುತ್ತಿಲ್ಲ. ವಿಟಮಿನ್ ಡಿ ಮಾಡುವ ಕಿರಣ ಕಿಟಕಿಯ ಗಾಜು ದಾಟಿ ಬರುವುದಿಲ್ಲ. ಬೆಳಿಗ್ಗೆ ಆರೂವರೆಯ ಎಳೆ ಬಿಸಿಲಿನಲ್ಲೂ ಅದು ಇರುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಸರಿಯಾದ ಹೊತ್ತು. ಕೈಕಾಲಿಗೆ ಬಿಸಿಲು ತಾಗಲಿ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು, ವಯಸ್ಸಾದ ಚರ್ಮ ತಯಾರಿಸುವುದೂ ಕಡಿಮೆ.

60,000 ಯೂನಿಟ್ಟಿನ ಪುಡಿ ಪ್ಯಾಕೆಟ್ಟನ್ನು ವಾರಕ್ಕೊಂದು ಅಂತ ಎಂಟು ವಾರಕ್ಕೆ ಬರೆದುಕೊಟ್ಟಿರುತ್ತಾರೆ. ಅದನ್ನೇ ಎರಡು ವರ್ಷ ನುಂಗಿದವರನ್ನು ನೋಡಿದ್ದೇನೆ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡುತ್ತದೆ. ಚೀಟಿಯಲ್ಲಿ ಎಷ್ಟು ವಾರ ಅಂತಿದೆ ನೋಡಿ.

## ಸ್ವಲ್ಪ ಆಳದ ಪ್ರಶ್ನೆಗಳು

ರಾತ್ರಿ ಊಟ ಬಿಟ್ಟು 6 ಕಿಲೋ ಇಳಿಸಿದೆ. ಎಲ್ಲರೂ ಹೊಗಳ್ತಾರೆ, ಆದರೆ ಮೆಟ್ಟಿಲು ಹತ್ತೋಕೆ ಮೊದಲಿಗಿಂತ ಸುಸ್ತು. ಯಾಕೆ?

ಇಳಿದ 6 ಕಿಲೋದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇದೆ. ಬರೀ ಹಸಿದು ಇಳಿಸಿದ ತೂಕದಲ್ಲಿ ಕಾಲು ಭಾಗದವರೆಗೆ ಸ್ನಾಯು ಹೋಗಬಹುದು. 30ರ ವಯಸ್ಸಿನಲ್ಲಿ ಅದು ಮತ್ತೆ ಬರುತ್ತದೆ. 70ರಲ್ಲಿ ತೂಕ ಮರಳಿ ಬಂದರೂ ಬರುವುದು ಹೆಚ್ಚಾಗಿ ಕೊಬ್ಬು.

ಇದರ ಬಗ್ಗೆ ಅಮೆರಿಕದಲ್ಲಿ ಒಳ್ಳೆಯ ಪ್ರಯೋಗ ಒಂದು ನಡೆದು 2017ರಲ್ಲಿ ಪ್ರಕಟವಾಯಿತು. 65 ದಾಟಿದ, ಬೊಜ್ಜಿದ್ದ 160 ಜನ. ಮೂರು ಗುಂಪಿನವರಿಗೆ ಆರು ತಿಂಗಳು ಊಟ ಕಡಿಮೆ ಮಾಡಿಸಿದರು. ಒಂದು ಗುಂಪು ನಡಿಗೆಯಂಥ ವ್ಯಾಯಾಮ ಮಾತ್ರ ಮಾಡಿತು, ಇನ್ನೊಂದು ಭಾರ ಎತ್ತಿತು, ಮತ್ತೊಂದು ಎರಡನ್ನೂ ಮಾಡಿತು. ಮೂರರಲ್ಲೂ ತೂಕ ಶೇಕಡಾ 9ರಷ್ಟು ಇಳಿಯಿತು. ಆದರೆ ನಡಿಗೆಯ ಗುಂಪಿನಲ್ಲಿ ಕೊಬ್ಬಿಲ್ಲದ ಭಾಗ ಶೇಕಡಾ 5 ಹೋಯಿತು, ಸೊಂಟದ ಮೂಳೆ ಶೇಕಡಾ 3 ಸವೆಯಿತು. ಭಾರ ಎತ್ತಿದವರಲ್ಲಿ ಅದು ಶೇಕಡಾ 2 ಮತ್ತು 0.5 ಅಷ್ಟೇ. ಓಡಾಟದ ಶಕ್ತಿ ಅತಿ ಹೆಚ್ಚು ಏರಿದ್ದು ಎರಡನ್ನೂ ಮಾಡಿದವರಲ್ಲಿ.

ಅದಕ್ಕೇ ನಾನು ತೂಕ ಇಳಿಸುವ ಮಾತಿಗೆ ಮುಂಚೆ ಕಾಲಿಗೆ ಬಲ ತುಂಬಿಸುತ್ತೇನೆ. ಎರಡು ತಿಂಗಳು ವ್ಯಾಯಾಮ, ಪ್ರೋಟೀನ್. ಆಮೇಲೆ ಅನ್ನ, ಸಿಹಿ, ಎಣ್ಣೆ ನಿಧಾನಕ್ಕೆ ಕಡಿಮೆ. ತಿಂಗಳಿಗೆ ಒಂದು, ಒಂದೂವರೆ ಕಿಲೋ ಇಳಿದರೆ ಸಾಕು. ನೀವು ರಾತ್ರಿ ಊಟ ಮತ್ತೆ ಶುರು ಮಾಡಿ, ಅದರಲ್ಲಿ ಬೇಳೆ, ಮೊಸರು ಇರಲಿ.

ತೂಕ ಇಳಿಸುವ ಹೊಸ ಇಂಜೆಕ್ಷನ್ ಬಂದಿದೆಯಲ್ಲ. ಅಪ್ಪನಿಗೆ ಕೊಡಿಸಲಾ?

2025ರಲ್ಲಿ ಮೌಂಜಾರೊ, ವೆಗೋವಿ ಭಾರತಕ್ಕೆ ಬಂದ ಮೇಲೆ ಮಕ್ಕಳು ಇದನ್ನು ಬಹಳ ಕೇಳುತ್ತಿದ್ದಾರೆ. ಶುಗರ್, ಹೃದಯದ ತೊಂದರೆ ಇದ್ದವರಿಗೆ ಅವುಗಳಿಂದ ಉಪಯೋಗವಿದೆ. ಕೊಡುವುದು ಬಿಡುವುದು ಡಾಕ್ಟರ ತೀರ್ಮಾನ. ನನ್ನ ಕಳಕಳಿ ಬೇರೆ. ಹಸಿವು ಸತ್ತುಹೋಗುತ್ತದೆ, ಹಿರಿಯರು ಎರಡು ತುತ್ತಿಗೆ ಸಾಕು ಅನ್ನುತ್ತಾರೆ, ತೂಕ ಬೇಗ ಇಳಿಯುತ್ತದೆ, ಜೊತೆಗೆ ಸ್ನಾಯುವೂ. ಶುರು ಮಾಡುವ ಮುಂಚೆ ಐದು ಸಲ ಎದ್ದು ಕೂರುವ ಪರೀಕ್ಷೆಯ ಸಮಯ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ನೋಡಿ. ತೂಕದ ಜೊತೆ ಆ ವೇಗವೂ ಕುಸಿಯುತ್ತಿದ್ದರೆ ಡಾಕ್ಟರಿಗೆ ಹೇಳಿ.

ಮೂಳೆಗೆ ಆರು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡ್ತಿದ್ದರು. ಊರಿಗೆ ಹೋದಾಗ ತಪ್ಪಿಹೋಯ್ತು. ಬಿಟ್ಟುಬಿಡಲಾ?

ಬಿಡಬೇಡಿ, ಇವತ್ತೇ ಫೋನ್ ಮಾಡಿ. ಅದು ಡೆನೊಸುಮ್ಯಾಬ್ ಆಗಿದ್ದರೆ, ತಟ್ಟನೆ ನಿಲ್ಲಿಸಿದಾಗ ತಡೆದಿಟ್ಟ ಸವೆತ ಒಮ್ಮೆಲೇ ನುಗ್ಗುತ್ತದೆ. ಬೆನ್ನಿನ ಹಲವು ಮಣಿಗಳು ಒಟ್ಟಿಗೆ ಕುಸಿಯಬಹುದು. ನಿಲ್ಲಿಸಲೇಬೇಕಾದರೆ ಅದರ ಬದಲಿಗೆ ಬೇರೆ ಔಷಧಿ ಹಾಕಿ ನಿಲ್ಲಿಸುತ್ತಾರೆ. ವರ್ಷಕ್ಕೊಮ್ಮೆ ಡ್ರಿಪ್ ಹಾಕುವ ಜೊಲೆಡ್ರೊನಿಕ್ ಆ್ಯಸಿಡ್ ಹಾಗಲ್ಲ, ಅದು ಮೂಳೆಯಲ್ಲಿ ಬಹಳ ಕಾಲ ಉಳಿಯುತ್ತದೆ. ಮೂಳೆಗೆ ವಾರಕ್ಕೊಂದು ಮಾತ್ರೆ ತಗೊಳ್ಳುವವರು ಬರೀ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದೇ ಇಲ್ಲ. ಹಲ್ಲು ಕೀಳಿಸುವ ಮುಂಚೆ ಹಲ್ಲಿನ ಡಾಕ್ಟರಿಗೆ ಈ ಔಷಧಿಗಳ ಹೆಸರು ಹೇಳಿ.

ಶುಗರ್ ಇದೆ, ಮೂಳೆ ಸ್ಕ್ಯಾನ್ ನಾರ್ಮಲ್. ಚಿಂತೆ ಇಲ್ಲ ತಾನೆ?

ಸ್ವಲ್ಪ ಇದೆ. ಸಕ್ಕರೆ ಕಾಯಿಲೆಯವರ ಮೂಳೆ ಸ್ಕ್ಯಾನಿನಲ್ಲಿ ಕಾಣುವುದಕ್ಕಿಂತ ಬೇಗ ಮುರಿಯುತ್ತದೆ. ಪಾದ ಜೋಮು ಹಿಡಿದಿದ್ದರೆ, ಶುಗರ್ ಒಮ್ಮೊಮ್ಮೆ ತೀರಾ ಇಳಿಯುತ್ತಿದ್ದರೆ ಬೀಳುವುದೂ ಜಾಸ್ತಿ.

ಅಪ್ಪನಿಗೆ ಸೊಂಟದ ಮೂಳೆ ಮುರಿದು ಆಪರೇಶನ್ ಆಗಿದೆ. ಎಷ್ಟು ದಿನ ಮಲಗಿಸಬೇಕು?

ಮಲಗಿಸಬಾರದು. ಆಪರೇಶನ್ ಸಾಧ್ಯವಾದರೆ ಎರಡು ದಿನದೊಳಗೆ ಆಗಬೇಕು, ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಬೇಕು. ಸರ್ಜನ್ ಬೇಡ ಅಂದರೆ ಮಾತ್ರ ಬೇರೆ ಮಾತು. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿಯೇ ಇದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಇರಿಸಿದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು.

ನನ್ನ ತಾಯಿ ಬಾತ್‌ರೂಮಿನಲ್ಲಿ ಬಿದ್ದಾಗ ನಾನಿನ್ನೂ ಓದುತ್ತಿದ್ದೆ. ಒಂದು ಆಸ್ಪತ್ರೆಯಲ್ಲಿ ಆರು ವಾರ ಕದಲಬೇಡಿ ಅಂದರು. ನಾವು ವಿಧೇಯರಾಗಿ ಕೇಳಿದೆವು. ಕೂತಲ್ಲೇ ಊಟ, ಮಲಗಿದಲ್ಲೇ ಎಲ್ಲ. ಮೂಳೆ ಕೂಡಿತು. ಅಮ್ಮ ಮಾತ್ರ ಮತ್ತೆ ಎಂದೂ ಒಬ್ಬರೇ ಎದ್ದು ನಿಲ್ಲಲಿಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ನಾನು ಕೆಲಸ ಬಿಟ್ಟು ಮೊದಲು ಫೋನ್ ಎತ್ತಿಕೊಳ್ಳುವುದು ಅದಕ್ಕೇ.

ಇನ್ನೊಂದು ಮಾತು. ಮುರಿದ ಮೂಳೆಗೆ ರಾಡ್ ಹಾಕಿದರೆ ಮೂಳೆ ಸವೆತಕ್ಕೆ ಔಷಧಿ ಕೊಟ್ಟ ಹಾಗಾಗುವುದಿಲ್ಲ. ಡಿಸ್ಚಾರ್ಜ್ ದಿನ ಅದನ್ನು ಕೇಳಿಯೇ ಹೊರಡಿ.

ನಾನು ಒಬ್ಬಳೇ ಇರೋದು. ಬಿದ್ದರೆ ಏಳೋದು ಹೇಗೆ?

ಬೀಳುವ ಮುಂಚೆಯೇ ಅಭ್ಯಾಸ ಮಾಡಬೇಕು, ಜೊತೆಗೆ ಒಬ್ಬರಿರುವಾಗ. ಬಿದ್ದ ತಕ್ಷಣ ಏಳಬೇಡಿ. ಒಂದು ನಿಮಿಷ ಹಾಗೇ ಇದ್ದು ಕೈಕಾಲು ಆಡಿಸಿ ನೋಡಿ. ಸೊಂಟದಲ್ಲಿ ತೀವ್ರ ನೋವಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಅಲುಗಾಡದೆ ಯಾರನ್ನಾದರೂ ಕರೆಯಿರಿ. ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ನಾಲ್ಕು ಕಾಲಲ್ಲಿ ಹತ್ತಿರದ ಗಟ್ಟಿ ಕುರ್ಚಿ ಅಥವಾ ಮಂಚದ ತನಕ ಹೋಗಿ. ಎರಡೂ ಕೈ ಅದರ ಮೇಲಿಟ್ಟು, ಗಟ್ಟಿ ಕಾಲಿನ ಪಾದವನ್ನು ಮುಂದೆ ಊರಿ, ತಳ್ಳಿಕೊಂಡು ಎದ್ದು, ತಿರುಗಿ ಕೂರಿ.

ಮೊಬೈಲನ್ನು ಟೇಬಲಿನ ಮೇಲೆ ಬಿಡಬೇಡಿ, ಬಾತ್‌ರೂಮಿಗೂ ಸೇರಿ ಕೊರಳಿಗೆ ಹಾಕುವ ಚೀಲದಲ್ಲಿ ಇರಲಿ. ಒಳಗಿನ ಚಿಲಕ ಹಾಕಬೇಡಿ. ಒಂದು ಕೀಲಿ ಕೈ ನೆರೆಮನೆಯಲ್ಲಿ ಕೊಟ್ಟಿಡಿ. ಬೆಳಿಗ್ಗೆ ಒಂಬತ್ತರೊಳಗೆ ನೀವು ಬಾಗಿಲು ತೆರೆಯದಿದ್ದರೆ ಬಂದು ನೋಡಬೇಕು ಅಂತ ಅವರಿಗೆ ಹೇಳಿಡಿ.